ರಫ್ತಿನ ಚಿಪ್ಪಿಗಿರುವ ಪರೀಕ್ಷೆ ಊರ ನಳಕ್ಕೇಕಿಲ್ಲ?

ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸೂಕ್ಷ್ಮಜೀವಿ ವಿಜ್ಞಾನಿಗಳು ನೈರುತ್ಯ ಕರಾವಳಿಯ ಎರಡು ಅಳಿವೆಗಳಿಂದ ಬೇರೆ ಬೇರೆ ಋತುಗಳಲ್ಲಿ 49 ಮಾದರಿ ಸಿಂಪಿ ತಂದು ಪರೀಕ್ಷಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಹುಡುಕಿದ್ದು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯವನ್ನು. ಕಾಲರಾ ತರುವ ಬ್ಯಾಕ್ಟೀರಿಯದ ದಾಯಾದಿಯಾದ ಇದು ಹಸಿ ಅಥವಾ ಅರೆಬೆಂದ ಮೀನು, ಚಿಪ್ಪುಗಳ ಮೂಲಕ ಹೊಟ್ಟೆ ಸೇರಿ ವಾಂತಿ-ಭೇದಿ ಹಚ್ಚುತ್ತದೆ. 49ರಲ್ಲಿ 46 ಮಾದರಿಗಳಲ್ಲಿ ಅದು ಸಿಕ್ಕಿತು. ಕೆಲವು ಮಾದರಿಗಳಲ್ಲಿ ಒಂದು ಗ್ರಾಂ ಮಾಂಸಕ್ಕೆ ಹತ್ತು ಸಾವಿರದಷ್ಟಿತ್ತು. ಇಷ್ಟನ್ನೇ ಓದಿ ನಿಲ್ಲಿಸಿದವರು ಇನ್ನೆಂದೂ ಸಿಂಪಿ ಮುಟ್ಟಲಿಕ್ಕಿಲ್ಲ. ಆದರೆ ಅದೇ ವಿಜ್ಞಾನಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು: ಸಿಕ್ಕ ಬ್ಯಾಕ್ಟೀರಿಯಗಳಲ್ಲಿ ಮನುಷ್ಯನಿಗೆ ರೋಗ ತರುವ ಮುಖ್ಯ ವಿಷದ ಜೀನ್ ಎಷ್ಟರಲ್ಲಿದೆ? ಆ ಜೀನ್ ಕಂಡದ್ದು ಐದೇ ಮಾದರಿಗಳಲ್ಲಿ. ಆ ಐದರಲ್ಲೂ ಒಂದರಲ್ಲಿ ಇದ್ದದ್ದು 1996ರಲ್ಲಿ ಕೋಲ್ಕತ್ತದಲ್ಲಿ ಮೊದಲು ಗುರುತಿಸಲಾದ, ಆಮೇಲೆ ಖಂಡದಿಂದ ಖಂಡಕ್ಕೆ ಹಬ್ಬಿದ ಓ3:ಕೆ6 ಎಂಬ ತಳಿ.

46 ಮತ್ತು 5. ಈ ಎರಡು ಅಂಕೆಗಳ ನಡುವಿನ ಅಂತರವೇ ಈ ಲೇಖನದ ವಿಷಯ. ಬರೀ ಮೊದಲನೆಯದನ್ನು ಹಿಡಿದರೆ ವಿನಾಕಾರಣ ಹೆದರಿ ಬಡವರ ಹೊಟ್ಟೆಪಾಡಿಗೆ ಕಲ್ಲು ಹಾಕುತ್ತೇವೆ. ಎರಡನೆಯದನ್ನು ಕೇಳದೆ ಬಿಟ್ಟರೆ ನಿಜವಾದ ಅಪಾಯವನ್ನು ಗುಂಪಿನಲ್ಲಿ ಕಳೆದುಕೊಳ್ಳುತ್ತೇವೆ. ನೀರಿನಲ್ಲಿ ಏನಿದೆ ಎಂಬುದಕ್ಕಿಂತ ಸರಿಯಾದ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ, ಜನ ಹಾಸಿಗೆ ಹಿಡಿಯುವ ಮೊದಲೇ ಕೇಳಿದ್ದೇವೆಯೇ ಎಂಬುದು ಮುಖ್ಯ. ಸುರಪುರ ತಾಲ್ಲೂಕಿನ ಬೋನಾಳದವರಿಗೆ ಕಡಲ ಸಿಂಪಿಯ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಯಾದಗಿರಿ ಜಿಲ್ಲೆಗೆ ಸಮುದ್ರವಿಲ್ಲ, ಸಂತೆಯಲ್ಲಿ ಸಿಂಪಿ ಸಿಗುವುದಿಲ್ಲ. ಆದರೂ ಮಂಗಳೂರಿನಲ್ಲಿ ಚಿಪ್ಪನ್ನು ಮುಂದಿಟ್ಟುಕೊಂಡು ಬೆಳೆದ ವಿದ್ಯೆ ಮೂಲತಃ ನೀರಿನ ವಿದ್ಯೆ. ನಮ್ಮ ರಾಜ್ಯದಲ್ಲೇ ಬೆಳೆದ ಈ ವಿದ್ಯೆ ಹೊರದೇಶದ ಗಿರಾಕಿಯ ತಟ್ಟೆಯನ್ನು ಕಾಯುತ್ತಿದೆ. ರಾಯಚೂರು, ಯಾದಗಿರಿ ಸೀಮೆಯ ಕೊಡಕ್ಕೆ ಮಾತ್ರ ಅದು ಆಸ್ಪತ್ರೆ ತುಂಬಿದ ಮೇಲೆ ಬರುತ್ತದೆ. ಇದಕ್ಕೆ ವಿಜ್ಞಾನದ ಕೊರತೆಯಾಗಲಿ, ಬಹುಮಟ್ಟಿಗೆ ಹಣದ ಕೊರತೆಯಾಗಲಿ ಕಾರಣವಲ್ಲ. ಪರೀಕ್ಷೆಯನ್ನು ಎಲ್ಲಿ ಇಡಬೇಕೆಂಬ ನಮ್ಮ ಆಡಳಿತದ ರೂಢಿಯೇ ಕಾರಣ ಎಂಬುದು ನನ್ನ ವಾದ.

ಮೊದಲು ಚಿಪ್ಪಿನ ಕಡೆ ನೋಡೋಣ. ಉತ್ತರ ಕನ್ನಡದವರು ಬಳಚು ಎನ್ನುವ, ತುಳುನಾಡಿನವರು ಮರುವಾಯಿ ಎನ್ನುವ ಕಪ್ಪೆಚಿಪ್ಪಿನ ಜೀವಿಗಳು, ಬಂಡೆಗೆ ಅಂಟಿ ಬೆಳೆಯುವ ಪಚ್ಚಿಲೆ, ಸಿಂಪಿ ಇವು ಯಾವುವೂ ಆಹಾರಕ್ಕಾಗಿ ಅಲೆಯುವುದಿಲ್ಲ. ಇದ್ದಲ್ಲೇ ಇದ್ದು ನೀರನ್ನು ಒಳಗೆ ಎಳೆದುಕೊಂಡು, ಕಿವಿರುಗಳ ಮೇಲೆ ಹಾಯಿಸಿ, ಅದರಲ್ಲಿನ ಪಾಚಿಕಣಗಳನ್ನು ಹಿಡಿದಿಟ್ಟುಕೊಂಡು, ಉಳಿದ ನೀರನ್ನು ಹೊರಗೆ ಬಿಡುತ್ತವೆ. ಚೆನ್ನಾಗಿ ಬೆಳೆದ ಒಂದು ಸಿಂಪಿ ದಿನಕ್ಕೆ ಹತ್ತಾರು ಲೀಟರ್ ನೀರನ್ನು ಹೀಗೆ ಸೋಸಬಲ್ಲದು. ಕೊಡದ ಬಾಯಿಗೆ ಕಟ್ಟಿದ ಸೋಸುಬಟ್ಟೆಯಲ್ಲಿ ಕಸ ನಿಲ್ಲುವ ಹಾಗೆ, ನೀರಿನಲ್ಲಿ ಚದುರಿಹೋಗಿದ್ದ ಬ್ಯಾಕ್ಟೀರಿಯ, ವೈರಸ್, ವಿಷಪಾಚಿ ಎಲ್ಲವೂ ಅದರ ಒಡಲಲ್ಲಿ ಒಟ್ಟುಗೂಡುತ್ತವೆ. ಮೀನನ್ನಾದರೆ ಕರುಳು ತೆಗೆದು ಬೇಯಿಸುತ್ತೇವೆ. ಚಿಪ್ಪಿನ ಜೀವಿಯನ್ನು ಕರುಳು ಸಮೇತ ತಿನ್ನುತ್ತೇವೆ. ಹಾಗಾಗಿ ಚಿಪ್ಪು ಆಹಾರವೂ ಹೌದು, ತಾನಿದ್ದ ನೀರಿನ ಹಲವು ದಿನಗಳ ದಾಖಲೆಯೂ ಹೌದು. ಒಂದು ಬಾಟಲಿ ನೀರು ಅದನ್ನು ತುಂಬಿದ ಗಳಿಗೆಯ ಕತೆಯನ್ನಷ್ಟೇ ಹೇಳುತ್ತದೆ. ಬೆಳಿಗ್ಗೆ ಕೊಳಚೆ ಹರಿದು ಹೋಗಿ, ಮಧ್ಯಾಹ್ನ ಬಾಟಲಿ ತುಂಬಿದರೆ ವರದಿ ಶುದ್ಧವಾಗಿಯೇ ಬರುತ್ತದೆ. ಅದೇ ದಡದ ಬಳಚು ಬೆಳಗಿನ ಕೊಳಚೆಯನ್ನು ಅಷ್ಟು ಬೇಗ ಮರೆಯುವುದಿಲ್ಲ. ಒಂದೇ ಸಲ ನೋಡಿದರೆ ಏನೂ ತಿಳಿಯುವುದಿಲ್ಲ ಎಂಬ ಈ ಪಾಠ ಮುಂದೆ ನಳದ ನೀರಿಗೂ ಬೇಕಾಗುತ್ತದೆ.

ಚಿಪ್ಪಿನೊಳಗಿನ ಬ್ಯಾಕ್ಟೀರಿಯವನ್ನು ಹಿಡಿಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾಂಸವನ್ನು ಅರೆದು ಕ್ಷಾರೀಯ ಪೆಪ್ಟೋನ್ ದ್ರಾವಣಕ್ಕೆ ಹಾಕಿ ಕೆಲವು ಗಂಟೆ ಬೆಚ್ಚಗೆ ಇಡುತ್ತಾರೆ. ಬೇರೆ ಬ್ಯಾಕ್ಟೀರಿಯಗಳಿಗೆ ಒಗ್ಗದ ಆ ಕ್ಷಾರದಲ್ಲಿ ವಿಬ್ರಿಯೊಗಳು ಸಲೀಸಾಗಿ ಹೆಚ್ಚಿಕೊಳ್ಳುತ್ತವೆ. ಪ್ಯಾರಾಹೀಮೊಲಿಟಿಕಸ್ ಅಂತೂ ಹಿತವಾದ ಬಿಸಿ ಸಿಕ್ಕರೆ ಹತ್ತು-ಹದಿನೈದು ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ಆಮೇಲೆ ಒಂದು ಹನಿಯನ್ನು ಟಿಸಿಬಿಎಸ್ ಎಂಬ ಹಸಿರು ಮಾಧ್ಯಮದ ತಟ್ಟೆಯ ಮೇಲೆ ಗೀರಿ ಇಡುತ್ತಾರೆ. ಮರುದಿನ ತಟ್ಟೆಯಲ್ಲಿ ಚುಕ್ಕೆಗಳೆದ್ದಿರುತ್ತವೆ. ಸಕ್ಕರೆಯನ್ನು ಹುಳಿಹಿಡಿಸುವ ಕಾಲರಾ ಬ್ಯಾಕ್ಟೀರಿಯದ ಚುಕ್ಕೆಗಳು ಹಳದಿ, ಸಕ್ಕರೆಯ ತಂಟೆಗೆ ಹೋಗದ ಪ್ಯಾರಾಹೀಮೊಲಿಟಿಕಸ್‌ನ ಚುಕ್ಕೆಗಳು ಹಸಿರು. ಬಣ್ಣ ನೋಡಿ ಅನುಮಾನಪಡಬಹುದೇ ಹೊರತು ತೀರ್ಪು ಕೊಡಲಾಗದು, ಏಕೆಂದರೆ ಅದೇ ಬಣ್ಣದ ನಿರುಪದ್ರವಿ ಬಂಧುಗಳೂ ಇವೆ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಸಣ್ಣ ಮೀನು ತಿಂದು 272 ಮಂದಿ ಕಾಯಿಲೆ ಬಿದ್ದು 20 ಮಂದಿ ಸತ್ತಾಗ ಸುನೆಸಬುರೊ ಫುಜಿನೊ ಈ ಬ್ಯಾಕ್ಟೀರಿಯವನ್ನು ಮೊದಲು ಗುರುತಿಸಿದರು. ರೋಗಿಗಳಲ್ಲಿ ಸಿಗುವ ತಳಿಗಳು ರಕ್ತ ಬೆರೆಸಿದ ಮಾಧ್ಯಮದಲ್ಲಿ ಕೆಂಪುಕಣಗಳನ್ನು ಒಡೆಯುತ್ತವೆ, ಕಡಲಲ್ಲಿ ಸಿಗುವ ಹೆಚ್ಚಿನ ತಳಿಗಳು ಒಡೆಯುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಆ ಒಡೆಯುವ ವಿಷದ ಜೀನ್‌ಗೆ ಟಿಡಿಹೆಚ್ ಎಂದು ಹೆಸರು. ಅದರ ಸಂಬಂಧಿಯಾದ ಟಿಆರ್‌ಹೆಚ್ ಎಂಬುದು 1980ರ ದಶಕದಲ್ಲಿ ಸಿಕ್ಕಿತು. ಜೀನ್ ತಿಳಿದಿದ್ದರೆ ಚುಕ್ಕೆಯ ಬಣ್ಣದ ಹಂಗಿಲ್ಲ. ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್ ಆ ಒಂದು ತುಣುಕನ್ನು ಲಕ್ಷಾಂತರ ಪ್ರತಿ ಮಾಡಿ ಕಣ್ಣೆದುರು ಇಡುತ್ತದೆ. ಮಂಗಳೂರಿನ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯ ಕರುಣಾಸಾಗರ್ ದಂಪತಿ ತಮ್ಮ ಸಂಗಡಿಗರೊಂದಿಗೆ ಸಮುದ್ರಾಹಾರದಲ್ಲಿ ರೋಗಕಾರಕ ತಳಿಯನ್ನು ಪಿಸಿಆರ್‌ನಿಂದ ಬೇಗ ಪತ್ತೆಹಚ್ಚುವ ವಿಧಾನವನ್ನು 1996ರಲ್ಲೇ ಪ್ರಕಟಿಸಿದ್ದರು. ಕೋವಿಡ್‌ಗಿಂತ ಕಾಲು ಶತಮಾನ ಮೊದಲು, 1969ರಲ್ಲಿ ಶುರುವಾದ ನಮ್ಮದೇ ಸರ್ಕಾರಿ ಕಾಲೇಜಿನಲ್ಲಿ ನಡೆದ ಕೆಲಸವಿದು. ಇಡ್ಯ ಕರುಣಾಸಾಗರ್ ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಮೀನು ಉತ್ಪನ್ನಗಳ ಸುರಕ್ಷತೆಯ ಹೊಣೆ ಹೊತ್ತರು.

ಜೀನ್ ಸಿಕ್ಕಿತೆಂದರೆ ಎಲ್ಲ ಮುಗಿಯಿತು ಎಂದೂ ತಿಳಿಯಬಾರದು. ಅದೇ 49 ಮಾದರಿಗಳಲ್ಲಿ ಟಿಡಿಹೆಚ್ ಜೀನನ್ನು ಒಂದು ವಿಧಾನ ಐದರಲ್ಲಿ ಕಂಡರೆ, ಪಿಸಿಆರ್ ಕಂಡದ್ದು ಮೂರರಲ್ಲಿ. ಟಿಆರ್‌ಹೆಚ್ ಜೀನ್ ಮಾತ್ರ ದ್ರಾವಣದಲ್ಲಿ ಬೆಳೆಸಿ ನೋಡಿದಾಗ 29 ಮಾದರಿಗಳಲ್ಲಿ ಕಂಡಿತು. ಅಂದರೆ ಒಂದು ವಿಧಾನಕ್ಕೆ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗುತ್ತದೆ. ಬೆಳೆಸಿ ನೋಡುವ ಹಳೆಯ ಕ್ರಮ, ಜೀನ್ ಹುಡುಕುವ ಹೊಸ ಕ್ರಮ ಎರಡೂ ಒಂದರ ಹಿಂದೆ ಒಂದು ನಡೆದಾಗಲೇ ನಂಬುವಂಥ ಉತ್ತರ ಬರುತ್ತದೆ.

ಈಗ ಬೋನಾಳಕ್ಕೆ ಬರೋಣ. ಸುರಪುರದ ಅರಸ ಪಾಮನಾಯಕ ಕಟ್ಟಿಸಿದ್ದೆಂದು ಹೇಳುವ ಇಲ್ಲಿನ ಕೆರೆ ಇಂದು ಪಕ್ಷಿಧಾಮ. ರಂಗನತಿಟ್ಟಿನ ನಂತರ ರಾಜ್ಯದ ಎರಡನೇ ದೊಡ್ಡದೆಂದು ಅದಕ್ಕೆ ಹೆಸರಿದೆ. ಈ ಕೆರೆಯಿಂದ ಒಂದು ಬಾಟಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರೆ ಇ. ಕೋಲಿ ಇದೆ ಎಂಬ ವರದಿ ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಇ. ಕೋಲಿ ಬೆಚ್ಚನೆ ರಕ್ತದ ಪ್ರಾಣಿಗಳ ಕರುಳಿನಲ್ಲಿ ಬಾಳುವ ಬ್ಯಾಕ್ಟೀರಿಯ. ಮನುಷ್ಯನ ಮಲದಲ್ಲಿರುವಂತೆ ಎಮ್ಮೆಯ ಸಗಣಿಯಲ್ಲೂ ಕೊಕ್ಕರೆಯ ಹಿಕ್ಕೆಯಲ್ಲೂ ಇರುತ್ತದೆ. ಅದರ ಬಹುಪಾಲು ತಳಿಗಳು ತಾವಾಗಿ ರೋಗ ತರುವುದಿಲ್ಲ. ಅದು ಇದೆಯೆಂದರೆ ಈ ನೀರಿಗೆ ಮಲ ಸೇರಿದೆ, ಹಾಗಾಗಿ ಟೈಫಾಯ್ಡ್, ಕಾಲರಾ, ಕಾಮಾಲೆಯ ರೋಗಾಣುಗಳೂ ಸೇರಿರಬಹುದು ಎಂಬ ಸೂಚನೆ, ಅಷ್ಟೇ. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೂ ಇ. ಕೋಲಿ ಇರಕೂಡದು ಎನ್ನುತ್ತದೆ. ಕುಡಿಯುವ ನೀರಿಗೆ ಆ ಕಟ್ಟುನಿಟ್ಟು ಸರಿಯೇ. ಆದರೆ ಸಾವಿರಾರು ಹಕ್ಕಿಗಳು ಇಳಿಯುವ ಕೆರೆಗೆ ಇದೇ ಒಂದು ಅಳತೆಗೋಲು ಹಿಡಿದರೆ ಹಕ್ಕಿಯ ಹಿಕ್ಕೆಗೂ ಊರಿನ ಚರಂಡಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಮನುಷ್ಯನ ಕರುಳಿನಲ್ಲಿ ಮಾತ್ರ ಹೆಚ್ಚಾಗಿ ಸಿಗುವ ಬ್ಯಾಕ್ಟೀರಾಯ್ಡಿಸ್ ತಳಿಗಳ ಜೀನನ್ನು ಪಿಸಿಆರ್‌ನಿಂದ ಹುಡುಕಿ, ಕೊಳೆ ಎಲ್ಲಿಂದ ಬಂತೆಂದು ಹೇಳುವ ವಿಧಾನ ಈಗ ಜಗತ್ತಿನ ಹಲವೆಡೆ ಬಳಕೆಯಲ್ಲಿದೆ. ಇಸ್ರೇಲಿನ ಸಂಶೋಧಕರು ಕೆರೆ-ಕೊಳಗಳ ನೊರಜಿನ ಮೊಟ್ಟೆಗಳಲ್ಲಿ, ಮೀನಿನ ಕರುಳಿನಲ್ಲಿ ವಿಬ್ರಿಯೊ ಕಾಲರಿಯನ್ನು ಕಂಡಿದ್ದಾರೆ. ಹಾಗೆಂದು ಕೆರೆಗಳೆಲ್ಲ ಕಾಲರಾದ ತವರು ಎನ್ನಲಾಗದು. ಆ ಬ್ಯಾಕ್ಟೀರಿಯಕ್ಕೆ ಇನ್ನೂರಕ್ಕೂ ಹೆಚ್ಚು ಪಂಗಡಗಳಿವೆ, ಊರೂರಿಗೆ ಹಬ್ಬುವ ಕಾಲರಾ ತರುವುದು ಓ1 ಮತ್ತು ಓ139 ಎಂಬ ಎರಡೇ ಪಂಗಡ. ಸಿಂಪಿಯ 46 ಮತ್ತು 5ರ ಲೆಕ್ಕವೇ ಇಲ್ಲೂ ಮರುಕಳಿಸುತ್ತದೆ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ವಿಬ್ರಿಯೊಗಳು ಅಳಿವೆಯ ಸಹಜ ನಿವಾಸಿಗಳು, ಅವಕ್ಕೆ ಕೊಳಚೆಯ ಆಸರೆ ಬೇಕಿಲ್ಲ. ಇ. ಕೋಲಿ ಒಂದೂ ಇಲ್ಲದ ನೀರಿನಲ್ಲೂ ಅವು ಇರಬಲ್ಲವು. ಸೂಚಕ ಬ್ಯಾಕ್ಟೀರಿಯ ಕಂಡರೆ ಎಚ್ಚರ ಬೇಕು ಎಂಬುದೆಷ್ಟು ನಿಜವೋ, ಕಾಣದಿದ್ದರೆ ನಿಶ್ಚಿಂತೆ ಎಂಬುದು ಅಷ್ಟೇ ಸುಳ್ಳು.

ಇಷ್ಟು ಸೂಕ್ಷ್ಮವಾದ ವಿದ್ಯೆಯನ್ನು ನಮ್ಮ ದೇಶ ಗಂಭೀರವಾಗಿ ಕೈಗೆತ್ತಿಕೊಂಡಿದ್ದು ಯಾವಾಗ? 1997ರಲ್ಲಿ ಐರೋಪ್ಯ ಒಕ್ಕೂಟ ಭಾರತದ ಮೀನು ಉತ್ಪನ್ನಗಳನ್ನು ತಡೆಹಿಡಿಯಿತು. ಸಾಲ್ಮೊನೆಲ್ಲಾ ಪತ್ತೆಯಾದದ್ದು, ಸಂಸ್ಕರಣಾ ಘಟಕಗಳ ಸ್ವಚ್ಛತೆ ಸಾಲದಾದದ್ದು ಕಾರಣ. ರಫ್ತುದಾರರು ಘಟಕಗಳನ್ನು ಹೊಸದಾಗಿ ಕಟ್ಟಿದರು, ಐಸ್‌ನಿಂದ ಹಿಡಿದು ಕೆಲಸಗಾರರ ಕೈತೊಳೆಯುವ ನೀರಿನವರೆಗೆ ಪರೀಕ್ಷೆಗೆ ಒಳಪಟ್ಟವು, ರಫ್ತು ತಪಾಸಣಾ ಮಂಡಳಿಯ ಅನುಮೋದನೆ ಪಡೆದ ಘಟಕಗಳಿಗೆ ಮಾರುಕಟ್ಟೆ ಮತ್ತೆ ತೆರೆಯಿತು. ಐರೋಪ್ಯರ ಚಿಪ್ಪಿನ ನಿಯಮವನ್ನು ನೋಡಿ. ಅವರು ದರ್ಜೆ ಕೊಡುವುದು ಚಿಪ್ಪು ಬೆಳೆಯುವ ನೀರಿಗೆ. 100 ಗ್ರಾಂ ಮಾಂಸದಲ್ಲಿ ಇ. ಕೋಲಿ 230ರ ಒಳಗಿದ್ದರೆ ಆ ನೀರಿನ ಚಿಪ್ಪು ನೇರವಾಗಿ ಮಾರಾಟಕ್ಕೆ ಹೋಗಬಹುದು. 4,600ರವರೆಗೆ ಇದ್ದರೆ ಶುದ್ಧ ನೀರಿನಲ್ಲಿಟ್ಟು ಒಡಲು ತೊಳೆಸಿದ ಮೇಲೆ ಮಾರಬಹುದು. 46,000ರವರೆಗೆ ಇದ್ದರೆ ತಿಂಗಳುಗಟ್ಟಲೆ ಬೇರೆ ನೀರಿನಲ್ಲಿ ಇಡಬೇಕು ಅಥವಾ ಕಾಯಿಸಿ ಸಂಸ್ಕರಿಸಬೇಕು. ಅದನ್ನೂ ಮೀರಿದರೆ ಆ ನೀರಿನಿಂದ ಚಿಪ್ಪು ತೆಗೆಯುವಂತೆಯೇ ಇಲ್ಲ. ಪರೀಕ್ಷೆ ತಟ್ಟೆಯಿಂದ ಮೂಲದ ಕಡೆಗೆ ಸರಿದಿರುವುದನ್ನು ಗಮನಿಸಬೇಕು. ಒಳನಾಡಿನ ಮಾರಾಟಕ್ಕೂ ಕಾಗದದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡಗಳಿವೆ. ಆದರೆ ಕುಮಟೆಯ ಸಂತೆಯಲ್ಲಿ ಬುಟ್ಟಿಯ ಬಳಚು ಕೊಳ್ಳುವವರು ಇದು ಯಾವ ದಡದ್ದು, ಆ ನೀರಿನ ದರ್ಜೆ ಯಾವುದು ಎಂದು ಕೇಳುವುದಿಲ್ಲ, ಮಾರುವವರಿಗೂ ಅದು ಗೊತ್ತಿರುವುದಿಲ್ಲ. ಕೇಳುವ ಅಧಿಕಾರ ಇದ್ದದ್ದು ಹೊರದೇಶದ ಗಿರಾಕಿಗೆ, ಅವನು ಕೇಳಿದ, ಅವನಿಗೆ ಸಿಕ್ಕಿತು.

ನಮ್ಮ ಸೀಮೆಯ ನಳದ ಕಡೆ ಹೀಗೆ ಕೇಳುವವರಿಲ್ಲದ್ದರಿಂದ ಏನಾಯಿತೆಂಬುದು ಇತ್ತೀಚಿನ ವರ್ಷಗಳ ಸುದ್ದಿಯಲ್ಲೇ ಇದೆ. 2022ರಲ್ಲಿ ರಾಯಚೂರು ನಗರದಲ್ಲಿ ನಗರಸಭೆ ಪೂರೈಸಿದ ಕಲುಷಿತ ನೀರು ಕುಡಿದು ಜನ ಸತ್ತರು. 2023ರ ಫೆಬ್ರುವರಿಯಲ್ಲಿ ಯಾದಗಿರಿ ಜಿಲ್ಲೆಯದೇ ಆದ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ವಾಂತಿ-ಭೇದಿ ಹಬ್ಬಿ ಸಾವುಗಳಾದವು. ಅದೇ ವರ್ಷದ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಸಾವುಗಳಾದಾಗ ಮೊದಲು ಹುಟ್ಟಿದ್ದು ನೀರಿಗೆ ಯಾರೋ ವಿಷ ಬೆರೆಸಿದ್ದಾರೆಂಬ ಅನುಮಾನ, ಪರೀಕ್ಷೆಯಲ್ಲಿ ಹೊರಬಂದದ್ದು ಕಾಲರಾ ಬ್ಯಾಕ್ಟೀರಿಯ. ತಡವಾದ ಪರೀಕ್ಷೆ ಜೀವ ಉಳಿಸದಿರುವುದರ ಜೊತೆಗೆ ನೆರೆಹೊರೆಯವರ ನಡುವಿನ ನಂಬಿಕೆಯನ್ನೂ ಕೆಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಮೂರು ಕಡೆಯೂ ಸಾವು-ನೋವಿನ ಸುದ್ದಿಯಾದ ಮೇಲೆ ನಡೆದದ್ದು ಒಂದೇ ಬಗೆ: ಅಧಿಕಾರಿಗಳು ಬಂದರು, ಬಾಟಲಿಗಳಲ್ಲಿ ನೀರು ತುಂಬಿಸಿದರು, ಪ್ರಯೋಗಾಲಯಕ್ಕೆ ಕಳಿಸಿದರು. ನಿಯಮಗಳೇ ಇಲ್ಲವೆಂದಲ್ಲ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರತಿ ಊರಿನಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆನ್ನುತ್ತದೆ. ಮೂಲಗಳನ್ನು ರಾಸಾಯನಿಕಗಳಿಗಾಗಿ ವರ್ಷಕ್ಕೊಮ್ಮೆ, ಬ್ಯಾಕ್ಟೀರಿಯಕ್ಕಾಗಿ ಮಳೆಗಾಲದ ಮೊದಲೊಮ್ಮೆ ಮತ್ತು ನಂತರವೊಮ್ಮೆ ಪರೀಕ್ಷಿಸಬೇಕೆನ್ನುತ್ತದೆ. ಆದರೆ ಪೈಪು ಒಡೆದು ಚರಂಡಿ ಸೇರುವುದಕ್ಕೆ ಒಂದು ಮಳೆ ಸಾಕು, ಒಂದು ರಾತ್ರಿ ಸಾಕು. ಆರು ತಿಂಗಳಿಗೊಮ್ಮೆ ತುಂಬುವ ಬಾಟಲಿ ಅದನ್ನು ಹಿಡಿಯುವುದು ಅದೃಷ್ಟವಿದ್ದರೆ ಮಾತ್ರ. ಅದೂ ಅಲ್ಲದೆ ಮೂಲದಲ್ಲಿ, ಅಂದರೆ ಬೋರ್‌ವೆಲ್ಲಿನ ಬಾಯಲ್ಲಿ ಶುದ್ಧವಿದ್ದ ನೀರು ಕೊನೆಯ ಓಣಿಯ ನಳಕ್ಕೆ ಬರುವಷ್ಟರಲ್ಲಿ ಕೆಟ್ಟಿರಬಹುದು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ: ನಾವು ಸಿಂಪಿಯನ್ನು ಐರೋಪ್ಯರಂತೆ ಹಸಿಯಾಗಿ ತಿನ್ನುವುದಿಲ್ಲ, ಬೇಯಿಸಿ ತಿನ್ನುತ್ತೇವೆ, ಆದ್ದರಿಂದ ಇದೆಲ್ಲ ಅವರ ತಲೆನೋವು. ಇದರಲ್ಲಿ ಅರ್ಧ ಸತ್ಯವಿದೆ. ಚೆನ್ನಾಗಿ ಬೇಯಿಸಿದರೆ ವಿಬ್ರಿಯೊ ಉಳಿಯುವುದಿಲ್ಲ, ಕರಾವಳಿಯ ಮಸಾಲೆ ಸಾರು ಅಷ್ಟರಮಟ್ಟಿಗೆ ರಕ್ಷೆಯೇ. ಆದರೆ ಬಾಯಿ ಬಿಚ್ಚಿದೊಡನೆ ಒಲೆಯಿಂದ ಇಳಿಸುವ ಚಿಪ್ಪು ಒಳಗೆ ಪೂರ್ತಿ ಬೆಂದಿರುವುದಿಲ್ಲ. ಹಸಿ ಚಿಪ್ಪು ತೊಳೆದ ಕೈ, ಅದೇ ಈಳಿಗೆಮಣೆ ಬೇರೆ ಅಡುಗೆಗೂ ಹೋಗುತ್ತದೆ. ಬೇಯಿಸಿದರೂ ಹೋಗದ ಅಪಾಯಗಳೂ ಇವೆ. 1983ರಲ್ಲಿ ಮಂಗಳೂರು ಕಡೆ ಚಿಪ್ಪು ತಿಂದವರಿಗೆ ಪಾರ್ಶ್ವವಾಯು ಬಡಿದಂತಾದ ವಿಷಬಾಧೆಯನ್ನು ಕರುಣಾಸಾಗರ್ ಅವರ ತಂಡವೇ ವರದಿ ಮಾಡಿತು. ಅದು ಬ್ಯಾಕ್ಟೀರಿಯದ ಕೆಲಸವಲ್ಲ, ಚಿಪ್ಪು ಸೋಸಿಕೊಂಡ ವಿಷಪಾಚಿಯದು, ಆ ವಿಷ ಕುದಿಸಿದರೂ ಅಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೇಯಿಸುವ ರೂಢಿ ನಮ್ಮನ್ನು ಕಾಯುವುದು ಅನ್ನ-ಸಾರಿನ ವಿಷಯದಲ್ಲಿ ಮಾತ್ರ. ಹೊಲದಲ್ಲಿ ದುಡಿದು ಬಂದವರು ನೀರನ್ನು ಕಾಯಿಸಿ ಆರಿಸಿ ಕುಡಿಯುವುದಿಲ್ಲ. ಯಾದಗಿರಿಯ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಅವರಿಂದ ನಿರೀಕ್ಷಿಸುವುದೂ ನ್ಯಾಯವಲ್ಲ.

ಎರಡನೆಯ ಆಕ್ಷೇಪ ನಮ್ಮ ಸೀಮೆಯದೇ: ಇಲ್ಲಿನ ನೀರಿನ ಸಂಕಟ ಬ್ಯಾಕ್ಟೀರಿಯವಲ್ಲ, ಫ್ಲೋರೈಡ್ ಮತ್ತು ಆರ್ಸೆನಿಕ್. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿದ್ದನ್ನು, ಅಲ್ಲಿಯವರು ಪಟ್ಟ ಪಾಡನ್ನು ಯಾರೂ ಹಗುರವಾಗಿ ಕಾಣಲಾರರು. ಆದರೆ ಈ ಎರಡು ಅಪಾಯಗಳ ಗುಣವೇ ಬೇರೆ. ಆರ್ಸೆನಿಕ್ ಬಂಡೆಯಿಂದ ಬರುತ್ತದೆ, ವರ್ಷಗಟ್ಟಲೆ ಕುಡಿದ ಮೇಲೆ ಮೈಮೇಲೆ ಕಾಣಿಸುತ್ತದೆ, ಒಮ್ಮೆ ಅಳೆದರೆ ನಾಳೆಗೆ ಹೆಚ್ಚು ಬದಲಾಗದು. ಬ್ಯಾಕ್ಟೀರಿಯ ನಿನ್ನೆ ಇರಲಿಲ್ಲ, ಇವತ್ತು ಬಂತು, ನಾಡಿದ್ದು ಆಸ್ಪತ್ರೆ ತುಂಬಿಸುತ್ತದೆ. ಒಂದಕ್ಕೆ ಇಟ್ಟ ಗಡಿಯಾರದಿಂದ ಇನ್ನೊಂದರ ಹೊತ್ತು ತಿಳಿಯದು. ಶುದ್ಧ ಕುಡಿಯುವ ನೀರಿನ ಘಟಕವಿದೆಯಲ್ಲ, ಬ್ಲೀಚಿಂಗ್ ಪೌಡರ್ ಹಾಕುತ್ತಾರಲ್ಲ ಎನ್ನುವವರಿಗೂ ಇದೇ ಉತ್ತರ. ಘಟಕದಿಂದ ಹೊರಬಂದ ನೀರು ಶುದ್ಧವಿರಬಹುದು, ಅದನ್ನು ತುಂಬುವ ಕ್ಯಾನು, ಮುಳುಗಿಸುವ ಚೊಂಬು ಶುದ್ಧವೆಂದು ಹೇಳುವವರಾರು? ಕ್ಲೋರಿನ್ ಒಳ್ಳೆಯ ಕಾವಲುಗಾರ, ಆದರೆ ನಳದ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿದ್ದರೆ ಮಾತ್ರ. ಎರಡು-ಮೂರು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಖಾಲಿ ಪೈಪು ಬಿರುಕಿನ ಮೂಲಕ ಸುತ್ತಲಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಟ್ಯಾಂಕಿನಲ್ಲಿ ಹಾಕಿದ ಕ್ಲೋರಿನ್ ಅಲ್ಲೇ ಖರ್ಚಾಗಿಹೋಗುತ್ತದೆ. ಕ್ಲೋರಿನ್ ಹಾಕಿದ್ದೇವೆ ಎಂಬುದು ಟ್ಯಾಂಕಿನ ಸುದ್ದಿ. ನಳದಲ್ಲಿ ಕ್ಲೋರಿನ್ ಇದೆಯೇ ಎಂಬುದಕ್ಕೆ ನಳದಲ್ಲೇ ನೋಡಬೇಕು.

ಮೂರನೆಯ ಆಕ್ಷೇಪ ಖರ್ಚಿನದು, ಅದು ತೂಕದ್ದು. ಊರೂರಿಗೆ ಪಿಸಿಆರ್ ಯಂತ್ರ ಇಡಲಾಗದು, ಇಡುವ ಅಗತ್ಯವೂ ಇಲ್ಲ. ಅದಕ್ಕೊಂದು ಕುಂದೂ ಇದೆ: ಸತ್ತ ಬ್ಯಾಕ್ಟೀರಿಯದ ಡಿಎನ್‌ಎಯನ್ನೂ ಅದು ಎತ್ತಿ ತೋರಿಸುತ್ತದೆ, ಹಾಗಾಗಿ ಕ್ಲೋರಿನ್‌ನಿಂದ ಸತ್ತದ್ದನ್ನೂ ಇದೆ ಎಂದೀತು. ಮಂಗಳೂರಿನವರು ಮೊದಲು ದ್ರಾವಣದಲ್ಲಿ ಬೆಳೆಸಿ ಆಮೇಲೆ ಪಿಸಿಆರ್ ಮಾಡಿದ್ದರ ಒಂದು ಲಾಭವೇ ಇದು, ಬದುಕಿರುವುದಷ್ಟೇ ಬೆಳೆಯುತ್ತದೆ. ಊರಿಗೆ ಬೇಕಾದ ಪರೀಕ್ಷೆ ಇದಕ್ಕಿಂತ ಬಹಳ ಸರಳ, ಅದೂ ನಮ್ಮ ದೇಶದ್ದೇ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಹೈಡ್ರೋಜನ್ ಸಲ್ಫೈಡ್ ಬಾಟಲಿಯಲ್ಲಿ ರಾಸಾಯನಿಕದಲ್ಲಿ ಅದ್ದಿ ಒಣಗಿಸಿದ ಒಂದು ಕಾಗದದ ಪಟ್ಟಿ ಇರುತ್ತದೆ. ಗೆರೆಯವರೆಗೆ ನಳದ ನೀರು ತುಂಬಿ, ಬಿರಟೆ ಹಾಕಿ ಮನೆಯ ಮೂಲೆಯಲ್ಲಿಟ್ಟರೆ, ಮಲದ ಜೊತೆ ಬರುವ ಬ್ಯಾಕ್ಟೀರಿಯಗಳಿದ್ದಲ್ಲಿ ಒಂದೆರಡು ದಿನದೊಳಗೆ ನೀರು ಮಸಿಯಂತೆ ಕಪ್ಪಾಗುತ್ತದೆ. ಬೇರೆ ಊರುಗಳಲ್ಲಿ ಬೆಚ್ಚಗಿಡುವ ಪೆಟ್ಟಿಗೆ ಬೇಕಾದೀತು, ನಮ್ಮಲ್ಲಿ ವರ್ಷದ ಹೆಚ್ಚಿನ ಕಾಲ ಮನೆಯ ಬಿಸಿಯೇ ಸಾಕು. ಈ ಬಾಟಲಿ ಕೆಲವೊಮ್ಮೆ ಸುಳ್ಳು ಎಚ್ಚರಿಕೆಯನ್ನೂ ಕೊಡುತ್ತದೆ, ಮಲದ ಸಂಬಂಧವಿಲ್ಲದ ಬ್ಯಾಕ್ಟೀರಿಯಗಳೂ ಅದನ್ನು ಕಪ್ಪಾಗಿಸಬಲ್ಲವು. ಆದ್ದರಿಂದಲೇ ಮೆಟ್ಟಿಲುಗಳು ಬೇಕು. ಊರಿನಲ್ಲಿ ವಾರಕ್ಕೊಮ್ಮೆ ಬಾಟಲಿ ಮತ್ತು ಕ್ಲೋರಿನ್ ಅಳತೆ, ಕಪ್ಪಾದರೆ ಆ ದಿನವೇ ಕ್ಲೋರಿನ್ ಹೆಚ್ಚಿಸಿ ಪೈಪು ಹುಡುಕುವುದು, ಮಾದರಿ ತಾಲ್ಲೂಕಿನ ಪ್ರಯೋಗಾಲಯಕ್ಕೆ, ಅಲ್ಲಿಂದಲೂ ಅನುಮಾನ ಬಗೆಹರಿಯದಿದ್ದರೆ ಜಿಲ್ಲೆಯ ಪಿಸಿಆರ್‌ಗೆ. ಕೋವಿಡ್ ಕಾಲದಲ್ಲಿ ಜಿಲ್ಲಾ ಮಟ್ಟಕ್ಕೆ ಪಿಸಿಆರ್ ಪ್ರಯೋಗಾಲಯಗಳು ಬಂದಿವೆ. ಬೆಂಗಳೂರಿನ ಬಿಗ್‌ಟೆಕ್ ರೂಪಿಸಿದ ಟ್ರೂನಾಟ್‌ನಂಥ ಕೈಯಲ್ಲೊಯ್ಯುವ ಯಂತ್ರಗಳು ಕ್ಷಯ ಪತ್ತೆಗೆ ಬಳಕೆಯಲ್ಲಿವೆ. ಯಂತ್ರ ಇದೆ, ಅದಕ್ಕೆ ನೀರಿನ ಪ್ರಶ್ನೆ ಕೇಳುವ ವ್ಯವಸ್ಥೆ ಆಗಬೇಕು.

ಪದೇ ಪದೇ ಪರೀಕ್ಷಿಸಿದರೆ ಜನ ಹೆದರುತ್ತಾರೆ, ಚಿಪ್ಪು ಮಾರುವವರ ಹೊಟ್ಟೆಗೆ ಹೊಡೆತ ಬೀಳುತ್ತದೆ ಎಂಬ ಮಾತೂ ಇದೆ. ಹೆದರಿಕೆ ಹುಟ್ಟುವುದು ಅಪರೂಪಕ್ಕೆ, ಅದೂ ಸಾವಿನ ಬೆನ್ನಲ್ಲೇ ಬರುವ ವರದಿಯಿಂದ. ವಾರವಾರದ ವರದಿ ಹವಾಮಾನದ ಸುದ್ದಿಯಷ್ಟೇ ಮಾಮೂಲಾಗುತ್ತದೆ, ಕೆಟ್ಟ ದಿನ ಎಚ್ಚರಿಸುತ್ತದೆ, ಒಳ್ಳೆಯ ದಿನ ಧೈರ್ಯ ಕೊಡುತ್ತದೆ. ಸಿಂಪಿಯ ಅಧ್ಯಯನವನ್ನೇ ನೋಡಿ: ಬರೀ ಬ್ಯಾಕ್ಟೀರಿಯ ಇದೆಯೇ ಎಂದು ಕೇಳಿದ್ದರೆ 46 ಮಾದರಿಗಳೂ ಅಪರಾಧಿಗಳಾಗುತ್ತಿದ್ದವು, ಮುಂದಿನ ಪ್ರಶ್ನೆ ಕೇಳಿದ್ದರಿಂದ ಹೆಚ್ಚಿನವು ಟಿಡಿಹೆಚ್ ಹೊತ್ತಿರುವ ಆರೋಪದಿಂದಾದರೂ ಪಾರಾದವು. ಹೆಚ್ಚು ನಿಖರವಾಗಿ ಕೇಳಿದಷ್ಟೂ ದುಡಿಯುವವರಿಗೇ ರಕ್ಷಣೆ.

ರಫ್ತಿನ ಚಿಪ್ಪಿಗೆ ಪರೀಕ್ಷೆ ದೊರೆತದ್ದು ಗಿರಾಕಿ ಪಟ್ಟು ಹಿಡಿದಿದ್ದರಿಂದ. ಗ್ರಾಮ ಪಂಚಾಯಿತಿಯ ನೀರಿಗೆ ಗಿರಾಕಿ ನಾವೇ. ಹಾಗಾಗಿ ಕೇಳಬೇಕಾದದ್ದು ಒಂದೇ ಸಾಲಿನದು, ಯಾವ ಗ್ರಾಮಸಭೆಯಲ್ಲಾದರೂ ಕೇಳಬಹುದಾದದ್ದು: ನಮ್ಮ ಓಣಿಯ ಕೊನೆಯ ನಳದ ನೀರನ್ನು ಕಳೆದ ವಾರ ಯಾರು, ಯಾವ ಹೊತ್ತಿನಲ್ಲಿ ಪರೀಕ್ಷಿಸಿದರು, ಏನು ಬಂತು, ಬಂದದ್ದಕ್ಕೆ ಏನು ಮಾಡಿದಿರಿ? ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಬಳಿ ಇದಕ್ಕೆ ಉತ್ತರವಿದ್ದು, ಅದು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆದಿದ್ದರೆ ಐವರು ಮಹಿಳೆಯರ ತರಬೇತಿ, ಜಿಲ್ಲೆಯ ಯಂತ್ರ, ಮಂಗಳೂರಿನ ಸಂಶೋಧನೆ ಎಲ್ಲವೂ ಒಂದೇ ಸರಪಳಿಯ ಕೊಂಡಿಗಳಾಗುತ್ತವೆ. ಉತ್ತರವಿಲ್ಲದಿದ್ದರೆ ಟ್ಯಾಂಕಿನ ಎತ್ತರ, ಯೋಜನೆಯ ಮೊತ್ತ, ಉದ್ಘಾಟನೆಯ ಫಲಕ ಏನನ್ನೂ ಖಾತ್ರಿಪಡಿಸುವುದಿಲ್ಲ. ಈ ಪ್ರಶ್ನೆಯನ್ನು ಮುಂಗಾರಿನ ಮೊದಲ ಮಳೆಗೆ ಮುಂಚೆಯೇ ಕೇಳುವುದು ಮೇಲು.